ಶೇಕರ್ ಡಬ್ಬಿಯ ಬೆರಳುಗಳು ಅಲಂಕಾರವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಶೇಕರ್ ಪಂಥದವರ ಮರಗೆಲಸ ಕುರಿತು ಪ್ರಕಟವಾದ ಲೇಖನವನ್ನು ಸಂತೋಷದಿಂದ ಓದಿದೆ. ಅವರ ಕುರ್ಚಿ, ಬೀರುಗಳ ವಿವರಣೆ ಚೆನ್ನಾಗಿದೆ. ಆದರೆ ಅವರ ಅಂಡಾಕಾರದ ಮುಚ್ಚಳದ ಡಬ್ಬಿಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಪಕ್ಕದಲ್ಲಿ ಕಾಣುವ ಬೆರಳಿನಂತಹ ಚೂಪು ಪಟ್ಟಿಗಳನ್ನು ಅಲಂಕಾರವೆಂದು ಕರೆದಿರುವುದು ಸರಿಯಲ್ಲ. ಅನಗತ್ಯ ಅಲಂಕಾರವನ್ನು ತಮ್ಮ ಬದುಕಿನಿಂದಲೇ ಹೊರಗಿಟ್ಟ ಜನರವರು. ಬೆರಳುಗಳಿಲ್ಲದಿದ್ದರೆ ಡಬ್ಬಿ ಬಾಳಿಕೆ ಬರುವುದಿಲ್ಲ ಎಂಬ ಕಾರಣಕ್ಕೇ ಅವು ಅಲ್ಲಿವೆ.

ಪ್ರಾರ್ಥನೆಯ ವೇಳೆ ಮೈ ನಡುಗಿಸಿ ಕುಣಿಯುತ್ತಿದ್ದುದರಿಂದ ಶೇಕರ್ ಎಂಬ ಹೆಸರು ಪಡೆದ ಈ ಪಂಥದ ನಾಯಕಿ ಆನ್ ಲೀ, 1774ರಲ್ಲಿ ಬೆರಳೆಣಿಕೆಯ ಅನುಯಾಯಿಗಳೊಂದಿಗೆ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದರು. ಬ್ರಹ್ಮಚರ್ಯ, ಸಾಮೂಹಿಕ ಆಸ್ತಿ, ಸ್ತ್ರೀಪುರುಷ ಸಮಾನತೆ ಅವರ ನಿಯಮಗಳಾಗಿದ್ದವು. ಮರವನ್ನು ಬಾಗಿಸಿ ಡಬ್ಬಿ ಮಾಡುವ ವಿದ್ಯೆಯನ್ನು ಅವರು ಕಂಡುಹಿಡಿಯಲಿಲ್ಲ. ಯುರೋಪಿನಲ್ಲಿ ಅದು ಮೊದಲೇ ಇತ್ತು. ಶೇಕರರು ಅದನ್ನು ತಿದ್ದಿ ತೀಡಿ, 18ನೆಯ ಶತಮಾನದ ಕೊನೆಯಿಂದ ನ್ಯೂ ಲೆಬನಾನ್ ಮೊದಲಾದ ತಮ್ಮ ಊರುಗಳಲ್ಲಿ ತಯಾರಿಸಿ, ಒಂದರೊಳಗೊಂದು ಕೂರುವ ಜೋಡಿಗಳಾಗಿ ಹೊರಗಿನವರಿಗೆ ಮಾರಿದರು. ಒಣಗಿಸಿದ ಗಿಡಮೂಲಿಕೆ, ಬೀಜ, ಗುಂಡಿ, ದಾರ ಎಲ್ಲವೂ ಆ ಡಬ್ಬಿಗಳನ್ನು ಸೇರುತ್ತಿದ್ದವು.

ಇನ್ನು ಬೆರಳುಗಳ ವಿಷಯ. ಒಂದೂವರೆ ಮಿಲಿಮೀಟರಿನ ಆಸುಪಾಸಿನ ತೆಳುವಾದ ಮೇಪಲ್ ಪಟ್ಟಿಯ ಒಂದು ತುದಿಯನ್ನು ಸ್ವಾಲೋ ಹಕ್ಕಿಯ ಕವಲು ಬಾಲದಂತೆ ಕತ್ತರಿಸಿ, ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾದ ಕೂಡಲೇ ಮರದ ಅಚ್ಚಿಗೆ ಸುತ್ತಿ, ಒಂದರ ಮೇಲೊಂದು ಬಂದ ತುದಿಗಳನ್ನು ಪುಟ್ಟ ತಾಮ್ರದ ಮೊಳೆಗಳಿಂದ ಬಿಗಿಯುತ್ತಾರೆ. ತೇವ ಹೀರಿದಾಗ ಮರ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ; ಗಾಳಿಗೆ ತೆರೆದಿರುವ ಹೊರಪದರವೂ ಮರೆಯಲ್ಲಿರುವ ಒಳಪದರವೂ ಒಂದೇ ಸಮನೆ ಹಿಗ್ಗುವುದಿಲ್ಲ. ತುದಿಯನ್ನು ಅಗಲವಾಗಿಯೇ ಬಿಟ್ಟು ಮೊಳೆ ಹೊಡೆದರೆ ಆ ಎಳೆದಾಟಕ್ಕೆ ಪಟ್ಟಿ ಉಬ್ಬುತ್ತದೆ ಅಥವಾ ಸೀಳುತ್ತದೆ. ಕಿರಿದಾದ ಬೆರಳುಗಳ ನಡುವಿನ ಖಾಲಿ ಜಾಗ ಆ ಚಲನೆಗೆ ಎಡೆ ಮಾಡಿಕೊಡುತ್ತದೆ. ಹವ್ಯಾಸಕ್ಕಾಗಿ ಮರಗೆಲಸ ಮಾಡುವ ನಾನು ಮೊದಲ ಡಬ್ಬಿಯಲ್ಲಿ ಈ ಶ್ರಮವೇಕೆಂದು ತುದಿಯನ್ನು ನೇರವಾಗಿಯೇ ಬಿಟ್ಟಿದ್ದೆ. ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಎರಡು ಮೊಳೆಗಳ ನಡುವೆ ನಾರಿನ ಗುಂಟ ಸೀಳು ಬಿಟ್ಟಿತ್ತು.

ತಾಮ್ರವನ್ನು ಆರಿಸಿದ್ದೂ ಅಂದಕ್ಕಲ್ಲ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರದಲ್ಲಿ ಕಪ್ಪು ಕಲೆ ಬಿಡುತ್ತದೆ. ತಾಮ್ರ ಹಾಗೆ ಮಾಡುವುದಿಲ್ಲ, ಅಲ್ಲದೆ ಒಳಗಿಟ್ಟ ಕಬ್ಬಿಣದ ಅಡೆಗೆ ತಾಗಿದೊಡನೆ ಅದರ ಮೊನೆ ಮಡಚಿಕೊಂಡು ಮರವನ್ನು ಕಚ್ಚಿ ಹಿಡಿಯುತ್ತದೆ. ಮುಚ್ಚಳದ ಪಟ್ಟಿಯನ್ನು ಅದೇ ಡಬ್ಬಿಯ ಮೈಗೆ ಸುತ್ತಿ ಅಳತೆ ಹಿಡಿಯುವುದರಿಂದ ಒಂದರ ಮುಚ್ಚಳ ಇನ್ನೊಂದಕ್ಕೆ ಅಷ್ಟು ಸಲೀಸಾಗಿ ಕೂರುವುದಿಲ್ಲ. ತಳಕ್ಕೂ ಮುಚ್ಚಳದ ಹಲಗೆಗೂ ಪೈನ್ ಮರ ಬಳಸಿ, ಅಂಟಿನ ಬದಲು ಸಣ್ಣ ಮರದ ಗೂಟಗಳಿಂದ ಸೇರಿಸುತ್ತಾರೆ. ಇಷ್ಟೆಲ್ಲ ಆಲೋಚನೆ ಅಡಗಿರುವ ವಸ್ತುವನ್ನು ಕೇವಲ ಸರಳ ಸೌಂದರ್ಯವೆಂದು ಹೊಗಳಿ ಬಿಟ್ಟರೆ, ಅದನ್ನು ಮಾಡಿದವರ ಬುದ್ಧಿಗೆ ನಾವು ಅನ್ಯಾಯ ಮಾಡಿದಂತಾಗುತ್ತದೆ ಎಂಬುದೇ ನನ್ನ ಬೇಸರ.

ಪಂಥ ಕ್ಷೀಣಿಸಿದ ಮೇಲೂ ಈ ಕೆಲಸ ನಿಲ್ಲಲಿಲ್ಲ. ಮೇನ್ ರಾಜ್ಯದ ಸಬ್ಬತ್‌ಡೇ ಲೇಕ್ ಊರಿನ ಡೆಲ್ಮರ್ ವಿಲ್ಸನ್ ಹಿಡಿಕೆಯಿರುವ ಇಂತಹ ಬುಟ್ಟಿಗಳನ್ನು ಬಹಳ ಕಾಲ ಮಾಡಿದರು; 1923ರ ಒಂದು ಛಾಯಾಚಿತ್ರದಲ್ಲಿ ಅವರು ಒಂದು ಚಳಿಗಾಲದ ದುಡಿಮೆಯಾದ 1,083 ಬುಟ್ಟಿಗಳ ನಡುವೆ ನಿಂತಿದ್ದಾರೆ. 1961ರಲ್ಲಿ ಅವರು ತೀರಿಕೊಂಡರು. ಇಂದು ಆ ಊರಿನಲ್ಲಿ ಉಳಿದಿರುವ ಶೇಕರರು ಕೆಲವೇ ಮಂದಿ. ಆದರೆ ಪಂಥಕ್ಕೆ ಸೇರದ ಅನೇಕ ಕುಶಲಕರ್ಮಿಗಳು ಈ ಡಬ್ಬಿಗಳನ್ನು ಹಳೆಯ ಕ್ರಮದಲ್ಲೇ ಮಾಡುತ್ತಿದ್ದಾರೆ.

ಲೇಖನದೊಂದಿಗೆ ಅಚ್ಚಾದ ಚಿತ್ರದಲ್ಲಿ ಡಬ್ಬಿಯ ಮುಚ್ಚಳ ಮಾತ್ರ ಕಾಣುತ್ತದೆ. ಸಾಧ್ಯವಾದರೆ ಬೆರಳುಗಳೂ ತಾಮ್ರದ ಮೊಳೆಗಳೂ ಕಾಣುವಂತೆ ಪಕ್ಕದಿಂದ ತೆಗೆದ ಇನ್ನೊಂದು ಚಿತ್ರವನ್ನು ಈ ತಿದ್ದುಪಡಿಯೊಂದಿಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಶಿವಮೊಗ್ಗ