ಮಳೆಗಾಲದಲ್ಲಿ ತೆರೆದ ಅಂಗಡಿಯನ್ನು ಬೇಸಗೆಗೆ ಮೊದಲೇ ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಪೇಟೆಯಲ್ಲಿ ಫ್ರಿಜ್, ವಾಷಿಂಗ್ ಮೆಷಿನ್ ರಿಪೇರಿಗೆಂದು ಜುಲೈಯಲ್ಲಿ ಅಂಗಡಿ ಇಟ್ಟ ಹುಡುಗನೊಬ್ಬ ಮೊನ್ನೆ ಸಂಜೆ ನನ್ನಲ್ಲಿಗೆ ಬಂದಿದ್ದ. "ಅಣ್ಣಾ, ಈ ತಿಂಗಳಿಗೆ ಮುಚ್ತೇನೆ. ಟೂಲ್ಸ್ ನಿಮಗೆ ಬೇಕಾ?" ಎಂದು ಕೇಳಿದ. ಐಟಿಐಯಲ್ಲಿ ಕಲಿತು, ಮಂಗಳೂರಿನಲ್ಲಿ ಮೂರು ವರ್ಷ ದುಡಿದು ಬಂದ ಹುಡುಗ. ಗ್ಯಾಸ್ ತುಂಬುವ ಮೊದಲು ಪೈಪಿನ ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಉಸಿರು ಹಿಡಿದು ನೋಡುತ್ತಾ ಕೂರುವುದನ್ನು ನಾನೇ ಕಂಡಿದ್ದೇನೆ. ಅಂಥವನು ನಾಲ್ಕೇ ತಿಂಗಳಲ್ಲಿ ಸೋತೆ ಎನ್ನುತ್ತಿದ್ದಾನೆ. ಮನೆಯಲ್ಲಿ ಗಲ್ಫಿನ ವೀಸಾದ ಮಾತು ಎದ್ದಿದೆಯಂತೆ. ಅವನಿಗೆ ಆ ಸಂಜೆ ಹೇಳಿದ್ದನ್ನು, ಅವನ ಹಾಗೆಯೇ ಕೈ ಚೆಲ್ಲಿ ಕುಳಿತ ಬೇರೆ ಮಕ್ಕಳೂ ಓದಲಿ ಎಂದು ಈ ಕಾಗದ ಬರೆಯುತ್ತಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಮೋಟಾರು ವೈಂಡಿಂಗ್‌ನವನು. 2009ರ ಜೂನ್ ಮೊದಲ ವಾರ ಅಂಗಡಿ ತೆರೆದೆ. ಬೋರ್ಡಿನಲ್ಲಿ ಕನ್ನಡ, ಮಲಯಾಳ ಎರಡನ್ನೂ ಬರೆಸಿದ್ದೆ. ಹೆಂಡತಿಯ ಬಳೆ ಅಡವಿಟ್ಟು ತಂತಿ, ಅದರ ಅಡಿಗೆ ಹಾಕುವ ಸ್ಲಾಟ್ ಪೇಪರ್, ಮೇಲೆ ಹಚ್ಚುವ ವಾರ್ನಿಶ್ ತಂದಿದ್ದೆ. ಅಂದಿನ ಲೆಕ್ಕದ ಪುಸ್ತಕ ಈಗಲೂ ಇದೆ. ಜೂನ್‌ನಲ್ಲಿ 4 ಕೆಲಸ, ಜುಲೈಯಲ್ಲಿ 1, ಆಗಸ್ಟಿನಲ್ಲಿ 2. ಅವುಗಳಲ್ಲೂ ಹೆಚ್ಚಿನವು ಫ್ಯಾನು, ಮಿಕ್ಸಿ. ಪಂಪಿನ ಮೋಟಾರು ಒಂದೇ ಒಂದು. ಬಾಗಿಲಲ್ಲಿ ಕುಳಿತು ರಸ್ತೆ ನೋಡುವಾಗ ಹೋಗಿಬರುವವರು "ಎಂತ ಮಾರಾಯಾ, ಕೆಲಸ ಉಂಟಾ?" ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೂ ಆ ಮಾತು ಕೇಳಿದ ದಿನ ರಾತ್ರಿ ಊಟ ಸೇರುತ್ತಿರಲಿಲ್ಲ.

ನನ್ನ ಕೆಲಸದ ಮೇಲೆ ಜನರಿಗೆ ನಂಬಿಕೆಯಿಲ್ಲ ಎಂದೇ ತಿಳಿದಿದ್ದೆ. ನಿಜವಾದ ಕಾರಣ ಕಣ್ಣೆದುರೇ ಸುರಿಯುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಆಗ ಅಡಿಕೆ ತೋಟಕ್ಕೆ ನೀರು ಬಿಡುವವರು ಯಾರು? ಪಂಪೇ ಓಡದಿದ್ದರೆ ಮೋಟಾರು ಸುಡುವುದೆಲ್ಲಿಂದ ಬಂತು? ಮೇಲಾಗಿ ನಮ್ಮ ಎಣ್ಮಕಜೆ, ಬಾಯಾರು ಕಡೆ ಗುಡ್ಡ ಕೊರೆದು ಮಾಡಿದ ಸುರಂಗಗಳಿವೆ. ಅವುಗಳ ನೀರು ತಾನಾಗಿ ಇಳಿದು ಅಂಗಳದ ಟಾಂಕಿಗೆ ಬರುತ್ತದೆ, ಕರೆಂಟು ಬೇಡ, ಮೋಟಾರು ಬೇಡ. ಇಷ್ಟನ್ನು ಲೆಕ್ಕ ಹಾಕದೆ, ಆಟಿ ತಿಂಗಳ ಜಡಿಮಳೆಯಲ್ಲಿ ಕುಳಿತು ನನ್ನ ಕೈಯನ್ನೇ ನಾನು ಶಪಿಸಿಕೊಂಡಿದ್ದೆ.

ಬಂದ ಒಂದೇ ಪಂಪಿನ ಕೆಲಸವನ್ನೂ ಕೆಡಿಸಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. 5 ಎಚ್‌ಪಿಯ ಮೋಟಾರು, ನಿವೃತ್ತ ಮಾಷ್ಟ್ರೊಬ್ಬರದು. ಕಾಯಿಲ್ ಚೆನ್ನಾಗಿಯೇ ಕೂರಿಸಿದ್ದೆ. ಆದರೆ ಮಳೆಯ ತೇವಕ್ಕೆ ವಾರ್ನಿಶ್ ಒಳಗೆ ಒಣಗಿರಲಿಲ್ಲ. ಮೇಲೆ ಮುಟ್ಟಿದರೆ ಗಟ್ಟಿ, ಒಳಗೆ ಹಸಿ. ಬೇಗ ಕೊಟ್ಟು ಹೆಸರು ಮಾಡುವ ಆತುರದಲ್ಲಿ ಕೊಟ್ಟುಬಿಟ್ಟೆ. ಒಂಬತ್ತನೆಯ ದಿನ ಮೋಟಾರು ಜೀಪಿನಲ್ಲಿ ವಾಪಸು ಬಂತು. ಬಿಚ್ಚಿದರೆ ಸುಟ್ಟ ವಾಸನೆ. ಅಷ್ಟೂ ತಾಮ್ರ ಮತ್ತೆ ನನ್ನ ದುಡ್ಡಿನಲ್ಲೇ ಸುತ್ತಿದೆ. ಹಳೆಯ ತಗಡಿನ ಡ್ರಮ್ಮಿನೊಳಗೆ ಸ್ಟೇಟರ್ (ಕಾಯಿಲ್ ಕೂರುವ ಮೋಟಾರಿನ ಭಾಗ) ಇಳಿಸಿ, 200 ವಾಟಿನ ಎರಡು ಬಲ್ಬು ತೂಗುಹಾಕಿ, ಗೋಣಿ ಮುಚ್ಚಿ ಎರಡು ಹಗಲು ಎರಡು ರಾತ್ರಿ ಒಣಗಿಸಿದೆ. ಕರೆಂಟು ಸೋರುತ್ತದೋ ಎಂದು ಅಳೆಯುವ ಮೆಗ್ಗರ್ ಹಿಡಿದು, ಮುಳ್ಳು ಮೇಲೇರುವುದನ್ನು ಮಾಷ್ಟ್ರ ಎದುರೇ ತೋರಿಸಿ, ಹಣ ತೆಗೆದುಕೊಳ್ಳದೆ ಕಳುಹಿಸಿದೆ. ಅವರು ಏನೂ ಹೇಳಲಿಲ್ಲ. ಜನವರಿಯಲ್ಲಿ ತಮ್ಮನ ಮೋಟಾರು ಹಿಡಿದುಕೊಂಡು ಅವರೇ ಬಂದರು.

ಡಿಸೆಂಬರ್ ಕಳೆದು ತೋಟಕ್ಕೆ ನೀರು ಬಿಡತೊಡಗಿದ ಮೇಲೆ ಕೆಲಸ ಬರಲು ಶುರುವಾಯಿತು. ಲೈನಿನಲ್ಲಿ ವೋಲ್ಟೇಜ್ ಕಡಮೆಯಾದರೆ ಮೋಟಾರು ಹೆಚ್ಚು ಆಂಪಿಯರ್ ಎಳೆದು ಬಿಸಿಯೇರುತ್ತದೆ, ಹಾಗಾಗಿ ಬೇಸಗೆಯೇ ನಮಗೆ ಕೊಯ್ಲು. ಆಗ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಸುಟ್ಟ ಮೋಟಾರನ್ನು ಯಜಮಾನರ ಎದುರೇ ಬಿಚ್ಚುವುದು. ಸ್ಟಾರ್ ಕನೆಕ್ಷನ್ನಿನ (ಮೂರೂ ಕಾಯಿಲ್ ಗುಂಪುಗಳ ಒಂದೊಂದು ತುದಿಯನ್ನು ಒಂದೆಡೆ ಸೇರಿಸಿದ) ಮೋಟಾರಿಗೆ ಕರೆಂಟು ತರುವ ಮೂರು ಲೈನುಗಳಲ್ಲಿ ಒಂದು, ಅಂದರೆ ಒಂದು ಫೇಸ್, ಬಾರದೆ ಹೋದರೆ ಉಳಿದೆರಡು ಫೇಸಿನ ಕಾಯಿಲ್‌ಗಳು ಕಪ್ಪಾಗುತ್ತವೆ, ಮೂರನೆಯದು ನಿನ್ನೆ ಸುತ್ತಿದಂತೆ ಹೊಳೆಯುತ್ತಿರುತ್ತದೆ. ಅದನ್ನು ಬೆರಳಿಟ್ಟು ತೋರಿಸಿ, "ಇದು ವೈಂಡಿಂಗಿನ ತಪ್ಪಲ್ಲ, ಫ್ಯೂಸು ಹೋಗಿದೆ ಅಥವಾ ಲೈನಿನಲ್ಲಿ ಒಂದು ಫೇಸ್ ಇಲ್ಲ. ಒಂದು ಫೇಸ್ ಹೋದರೆ ಮೋಟಾರನ್ನು ತಾನೇ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ, ಇಲ್ಲದಿದ್ದರೆ ನಾನು ಎಷ್ಟು ಸಲ ಸುತ್ತಿಕೊಟ್ಟರೂ ಸುಡುತ್ತದೆ" ಎನ್ನುತ್ತಿದ್ದೆ. ಬಿಲ್ಲಿನ ಹಿಂದೆಯೂ ಕಾರಣವನ್ನು ಕನ್ನಡದಲ್ಲಿ ಎರಡು ಸಾಲು ಬರೆದುಕೊಡುತ್ತಿದ್ದೆ. ಹಳೆಯ ತಾಮ್ರವನ್ನು ಅವರ ಕಣ್ಣೆದುರೇ ತೂಗಿ ಬಿಲ್ಲಿನಲ್ಲಿ ಕಳೆಯುತ್ತಿದ್ದೆ. ಆಚೆ ಕಡೆ ಕಡಮೆಗೆ ಮಾಡಿಕೊಡುತ್ತಾರೆ ಎಂದವರಿಗೆ ತಾಮ್ರದ ತಂತಿ, ಅಲ್ಯೂಮಿನಿಯಂ ತಂತಿ ಎರಡರ ತುಂಡನ್ನೂ ಅಂಗೈಯಲ್ಲಿಟ್ಟು, "ಯಾವುದು ಸುತ್ತಿದ್ದಾರೆ ಎಂದು ಕೇಳಿ ನೋಡಿ" ಎನ್ನುತ್ತಿದ್ದೆ. ರೇಟು ಇಳಿಸಲಿಲ್ಲ. ಹೊಸಬ ರೇಟು ಇಳಿಸಿ ಗಿರಾಕಿ ಹಿಡಿದರೆ ತಂತಿಯ ದಪ್ಪವೂ ಇಳಿಯುತ್ತದೆ, ಮುಂದಿನ ವರ್ಷ ಆ ಗಿರಾಕಿಯೂ ಇರುವುದಿಲ್ಲ.

ಎರಡನೆಯ ಮಳೆಗಾಲಕ್ಕೆ ಸುಮ್ಮನೆ ಕೂರಲಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು ಬಿಡುವ ಪಂಪುಗಳ ವಾಶರ್, ವಾಲ್ವು ಬದಲಿಸುವ ಕೆಲಸ ಕಲಿತೆ. ಅದು ಮಳೆಗಾಲದ್ದೇ ಕೆಲಸ. ಆದಾಯ ದೊಡ್ಡದಲ್ಲ, ಆದರೆ ಬಾಡಿಗೆಗೆ ಸಾಲುತ್ತಿತ್ತು, ಮತ್ತು ಪಂಪು ತಂದವರು ಅಂಗಡಿಯನ್ನು ಕಂಡು ಹೋಗುತ್ತಿದ್ದರು. ಬಳೆ ಬಿಡಿಸಿ ತಂದದ್ದು ಮೂರನೆಯ ವರ್ಷ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ನಿನ್ನ ಕಸುಬಿನ ಬೇಸಗೆಯನ್ನು ನೀನಿನ್ನೂ ಕಂಡೇ ಇಲ್ಲ. ಫ್ರಿಜ್ಜು ಬೆವರಿ ನಿಲ್ಲುವುದು ಮಾರ್ಚ್, ಏಪ್ರಿಲಿನಲ್ಲಿ. ಕಡಮೆಯೆಂದರೆ ಮೇ ಮುಗಿಯುವವರೆಗಾದರೂ ಬಾಗಿಲು ತೆರೆದಿಡು. ಅಲ್ಲಿಯವರೆಗೆ ವಾರಕ್ಕೆರಡು ದಿನ ಮನೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಿನ ರಬ್ಬರು, ಹಿಂದಿನ ಕಾಯಿಲ್ ಶುಚಿ ಮಾಡಿಕೊಡು. ವಾಪಸು ಬಂದ ಕೆಲಸ ಎಷ್ಟು ಎಂದು ಬರೆದಿಡು. ಅದು ಸೊನ್ನೆಯಾಗಿದ್ದರೆ ನೀನು ಸೋತಿಲ್ಲ.

ಓದುಗರಲ್ಲೂ ಒಂದು ಮಾತು ಕೇಳಿಕೊಳ್ಳುತ್ತೇನೆ. 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ಕರ್ನಾಟಕಕ್ಕೆ ಹೋಗುವ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದು ನೆನಪಿದೆಯೇ? ಅದುವರೆಗೆ ಪುತ್ತೂರು, ಮಂಗಳೂರಿಗೇ ಮೋಟಾರು ಹೊರುತ್ತಿದ್ದವರ ತೋಟ ಒಣಗತೊಡಗಿತು. ಆಗ ಹತ್ತಿರದಲ್ಲಿ ಒಬ್ಬ ಕೆಲಸಗಾರ ಇರುವುದೆಂದರೆ ಏನೆಂದು ಎಲ್ಲರಿಗೂ ತಿಳಿಯಿತು. ಊರಲ್ಲಿ ಹೊಸದಾಗಿ ಅಂಗಡಿ ಇಟ್ಟವರಿಗೆ ಮೊದಲ ಮಳೆಗಾಲದಲ್ಲಿ ಒಂದಾದರೂ ಕೆಲಸ ಕೊಡಿ. ಮುಗಿದ ದಿನವೇ ಹಣ ಕೊಡಿ. "ಅಡಿಕೆ ಮಾರಿದ ಮೇಲೆ ನೋಡುವ" ಎನ್ನಬೇಡಿ. ಕಟ್ಟಡದ ಯಜಮಾನರು ಮೊದಲ ಆರು ತಿಂಗಳ ಬಾಡಿಗೆಗೆ ಸ್ವಲ್ಪ ತಾಳಿದರೆ ಅದೂ ದೊಡ್ಡ ಉಪಕಾರ. ತಂದೆತಾಯಂದಿರು ವೀಸಾದ ಮಾತನ್ನು ಒಂದು ಬೇಸಗೆ ಕಳೆಯುವವರೆಗೆ ಮುಂದಕ್ಕೆ ಹಾಕಲಿ.

ಟೂಲ್ಸ್ ನಾನು ಕೊಳ್ಳಲಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಕೆಲವು ದಿನಗಳಿಂದ ಸರಿಯಾಗಿ ಕೂರುತ್ತಿಲ್ಲ. ಸೋಮವಾರ ಬೆಳಿಗ್ಗೆ ಬಾ ಎಂದು ಹೇಳಿ ಕಳುಹಿಸಿದ್ದೇನೆ. ಬರುತ್ತೇನೆ ಎಂದಿದ್ದಾನೆ.

— ಮೋಟಾರು ವೈಂಡಿಂಗ್ ಕೆಲಸಗಾರ, ಪೆರ್ಲ, ಕಾಸರಗೋಡು ಜಿಲ್ಲೆ