ಓಣಿಯ ಅಕ್ಕಂದಿರಿಗೆ, ದವಾಖಾನೆಯವರಿಗೆ, ಪೌರಕಾರ್ಮಿಕರಿಗೆ ನಮ್ಮ ವಂದನೆ

ಹಳೇ ಹುಬ್ಬಳ್ಳಿ ಕಡೆಯ ನಮ್ಮ ಓಣಿಯಲ್ಲಿ ಈ ಮಳೆಗಾಲ ಯಾರಿಗೂ ಕಾಮಣಿ ಆಗಲಿಲ್ಲ. ವಾಂತಿ-ಭೇದಿ ಅಂತ ಒಂದು ಕೂಸನ್ನೂ ರಾತ್ರೋರಾತ್ರಿ ಆಟೋದಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಓಡಲಿಲ್ಲ. ಬೇರೆ ಕಡೆಯವರಿಗೆ ಇದು ಸಣ್ಣ ಮಾತು ಅನಿಸಬಹುದು. ಮಳೆ ಶುರುವಾದರೆ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದ ನಮಗೆ ಇದು ಬಹಳ ದೊಡ್ಡದು. ನಮ್ಮ ಸಮುದಾಯ ಶೌಚಾಲಯ, ಅದರ ಗೋಡೆಗೆ ಅಂಟಿಕೊಂಡ ಆರೋಗ್ಯದ ಕೋಣೆ, ಎರಡೂ ಶುರುವಾಗಿ ಈ ದೀಪಾವಳಿಗೆ ಎರಡು ವರ್ಷ. ಓಣಿಯ ಮಹಿಳಾ ಆರೋಗ್ಯ ಸಮಿತಿಯ ಪರವಾಗಿ ಧನ್ಯವಾದ ಹೇಳುವ ಕೆಲಸವನ್ನು ನನಗೆ ಕೊಟ್ಟಿದ್ದಾರೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಹೇಳಿದ್ದಾರೆ. ಹಾಗಾಗಿ ಅವರವರ ಕೆಲಸದ ಗುರುತಿನಿಂದಲೇ ಹೇಳುತ್ತೇನೆ.

ಮೊದಲ ವಂದನೆ ಶೌಚಾಲಯ ನೋಡಿಕೊಳ್ಳುವ ನಮ್ಮ ಅಕ್ಕನಿಗೆ. ಅವರ ಕೆಲಸ ಅಂದರೆ ತೊಳೆಯುವುದು, ನೀರು ತುಂಬುವುದು, ತಿಂಗಳ ಪಾಸ್ ನೋಡುವುದು ಅಂತ ಎಲ್ಲರೂ ತಿಳಿದಿದ್ದರು. ಆದರೆ ಓಣಿಯಲ್ಲಿ ಕಾಯಿಲೆ ಬಂದರೆ ಡಾಕ್ಟರಿಗಿಂತ ಮೊದಲು ಗೊತ್ತಾಗುವುದು ಅವರಿಗೆ. ಯಾರು ಬೆಳಗಾಗುವುದರೊಳಗೆ ನಾಲ್ಕು ಸಲ ಬಂದರು, ಯಾರು ಹೊಟ್ಟೆ ಹಿಡಿದುಕೊಂಡು ಬಂದರು, ಯಾವ ತಾಯಿ ಮಗುವಿನ ಬಟ್ಟೆಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಾಳೆ, ಎಲ್ಲವೂ ಅವರ ಕಣ್ಣಿಗೆ ಬೀಳುತ್ತದೆ. ಮೊದಲ ಮಳೆಗಾಲದಲ್ಲೇ ಒಂದು ದಿನ ಅವರು ನಮ್ಮ ಓಣಿಯ ಆಶಾ ಕಾರ್ಯಕರ್ತೆ, ಅಂದರೆ ನಮ್ಮ ಆಶಾ ಅಕ್ಕನನ್ನು ನಿಲ್ಲಿಸಿ, "ಅಕ್ಕಾರ, ಮೂರನೇ ಸಾಲಿನ್ಯಾಗ ಹುಡುಗೂರಿಗೆ ಸಂಡಾಸ ಹತ್ತೈತ್ರಿ, ಒಂದಿಷ್ಟು ನೋಡ್ರಿ" ಅಂದರು. ಹೋಗಿ ನೋಡಿದರೆ ಒಂದೇ ಸಾಲಿನ ಮೂರು ಮನೆಯ ಮಕ್ಕಳು ಮಲಗಿದ್ದರು. ಅಂದೇ ಓಆರ್‌ಎಸ್ ಶುರುವಾಯಿತು. ಯಾರೂ ಅಡ್ಮಿಟ್ ಆಗಬೇಕಾಗಲಿಲ್ಲ.

ಅಲ್ಲಿಂದ ನಮ್ಮ ಪದ್ಧತಿ ಬೆಳೆಯಿತು. ಕೋಣೆಯ ಒಳಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಅದರಲ್ಲಿ ಹೆಸರಿಲ್ಲ, ಮನೆ ನಂಬರ್ ಇಲ್ಲ. ಸಾಲಿನ ನಂಬರ್, ತಾರೀಖು, ಒಂದು ಚುಕ್ಕೆ, ಅಷ್ಟೇ. ಒಂದೇ ಸಾಲಿನಲ್ಲಿ ಎರಡು ದಿನದೊಳಗೆ ಎರಡು ಚುಕ್ಕೆ ಬಿದ್ದರೆ ಆಶಾ ಅಕ್ಕ ಆ ಸಾಲಿನ ಎಲ್ಲ ಮನೆಗೂ ಹೋಗುತ್ತಾರೆ, ನಳದ ನೀರು ಪರೀಕ್ಷೆಗೆ ಹೋಗುತ್ತದೆ. ಹೆಸರು ಬರೆಯಬಾರದು ಅಂತ ಹಟ ಹಿಡಿದವರು ಶೌಚಾಲಯದ ಅಕ್ಕನೇ. ಶೌಚಾಲಯಕ್ಕೆ ಬಂದವರ ಕಾಯಿಲೆ ಕಟ್ಟೆಯ ಮೇಲಿನ ಮಾತಾದರೆ ನಾಳೆ ಯಾರೂ ಅಲ್ಲಿಗೆ ಬರುವುದಿಲ್ಲ, ಮತ್ತೆ ರೈಲು ಹಳಿ ಕಡೆಗೇ ಹೋಗುತ್ತಾರೆ ಅಂತ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅವರು ನೋಡಿದ್ದನ್ನು ಆಶಾ ಅಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಈ ನಂಬಿಕೆಯ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ರಾತ್ರಿ ಪದೇ ಪದೇ ಬರುತ್ತಿದ್ದ ಮೇಸ್ತ್ರಿ ಅಜ್ಜನನ್ನು ಗಮನಿಸಿದ್ದೂ ಅವರೇ. ವಯಸ್ಸಾದವರು, ಚಳಿಗೆ ಹಾಗಾಗುತ್ತದೆ ಅಂತ ಮನೆಯವರು ಸುಮ್ನೆ ಇದ್ದರು. ಸರ್ಕಾರದ 'ನಮ್ಮ ಕ್ಲಿನಿಕ್' ಅನ್ನುವ ಸಣ್ಣ ದವಾಖಾನೆಯಲ್ಲಿ ರಕ್ತ ನೋಡಿದಾಗ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಕಾಲಿಗೆ ಗಾಯ ಆಗುವ ಮೊದಲೇ ಗುಳಿಗೆ ಶುರುವಾಯಿತು. ಅಜ್ಜ ಈಗ ದಿನಾ ಬೆಳಿಗ್ಗೆ ಅವರಿಗೆ ಚಹಾ ತಂದುಕೊಡುತ್ತಾರೆ. ಈ ಬರಹದಲ್ಲಿ ತಮ್ಮ ವಿಷಯ ಬರೆಯಲೇಬೇಕು ಅಂತ ಹೇಳಿದ್ದೂ ಅಜ್ಜನೇ.

ಆಶಾ ಅಕ್ಕನಿಗೆ ಎಷ್ಟು ಹೇಳಿದರೂ ಕಡಿಮೆ. ಓಆರ್‌ಎಸ್ ಪಾಕೀಟು ಎಲ್ಲರ ಮನೆಯಲ್ಲೂ ಇರುತ್ತಿತ್ತು, ಆದರೆ ಒಂದು ಲೋಟಕ್ಕೆ ಒಂದು ಚಿಟಿಕೆ ಹಾಕಿ ಕುಡಿಸುವವರೇ ಜಾಸ್ತಿ. ಪೂರ್ತಿ ಪಾಕೀಟು, ಒಂದು ಲೀಟರ್ ಕುದಿಸಿ ಆರಿಸಿದ ನೀರು, ಒಂದು ದಿನದ ಮೇಲೆ ಉಳಿದರೆ ಚೆಲ್ಲಬೇಕು. ಇದನ್ನು ಅವರು ಮನೆಮನೆಯಲ್ಲಿ ನಿಂತು ಮಾಡಿ ತೋರಿಸಿದರು. ಜಿಂಕ್ ಗುಳಿಗೆಯದೂ ಅದೇ ಕಥೆ. ಭೇದಿ ಎರಡು ದಿನಕ್ಕೆ ನಿಂತರೂ 14 ದಿನ ಕೊಡಬೇಕು. ನಿಂತಿತಲ್ಲ ಅಂತ ತಾಯಂದಿರು ಬಿಟ್ಟುಬಿಡುತ್ತಿದ್ದರು. ಈಗ ಕೋಣೆಯ ಕ್ಯಾಲೆಂಡರ್‌ನಲ್ಲಿ ಮಕ್ಕಳೇ ಬಂದು ದಿನಕ್ಕೊಂದು ಗೀಟು ಎಳೆಯುತ್ತಾರೆ. ಡೆಂಗಿ ವಿಷಯದಲ್ಲೂ ಅವರೇ ಮುಂದೆ. ವಾರಕ್ಕೊಮ್ಮೆ ನಳ ಬರುವ ಊರಲ್ಲಿ ಬ್ಯಾರಲ್ ತುಂಬಿಡಬೇಡಿ ಅಂತ ಹೇಳೋಕಾಗುತ್ತಾ? ಮುಚ್ಚಿಡಿ, ಶುಕ್ರವಾರ ತಳ ತಿಕ್ಕಿ ಒಣಗಿಸಿ ಅಂದರು. ಅದು ನಡೆಯುವ ಮಾತು, ಅದಕ್ಕೇ ಜನ ಕೇಳಿದರು.

ಇಲ್ಲಿ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ವರ್ಷದ ಹಿಂದೆ ನಮ್ಮ ಓಣಿ ಅನುಭವಿಸಿದ್ದೆಲ್ಲ ಅದರಿಂದಲೇ. ನಮ್ಮಲ್ಲಿ ಮನೆಗೆ ಬರುವ ನಳದ ಪೈಪು ಗಟಾರದ ಒಳಗಿನಿಂದ ಹಾದು ಬರುತ್ತಿತ್ತು. ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ಆಗ ತೂತಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತು ಪೈಪು ಖಾಲಿಯಾದಾಗ ಅದೇ ತೂತಿನಿಂದ ಗಟಾರದ ನೀರು ಒಳಗೆ ಹೋಗುತ್ತದೆ. ಮುಂದಿನ ಸಲ ನಳ ಬಂದಾಗ ಆ ಕೊಳೆಯೇ ಮೊದಲು ಕೊಡಕ್ಕೆ ಬೀಳುತ್ತದೆ. ಹಳೆಯ ಶೌಚದ ಗುಂಡಿ ತುಂಬಿ ಅದೇ ಗಟಾರಕ್ಕೆ ಹರಿಯುತ್ತಿತ್ತು. ಆ ಮಳೆಗಾಲ ಓಣಿಯಲ್ಲಿ ಮನೆಮನೆಗೂ ಕಾಮಣಿ. ಜನ ನಾಟಿ ಔಷಧ ಹುಡುಕಿಕೊಂಡು ಹಳ್ಳಿಹಳ್ಳಿ ತಿರುಗಿದರು. ಏಳು ತಿಂಗಳು ತುಂಬಿದ್ದ ಒಬ್ಬ ಹೆಣ್ಣುಮಗಳನ್ನು ನಾವು ಕಳೆದುಕೊಂಡೆವು. ನೀರಿನಿಂದ ಬರುವ ಕಾಮಣಿಯಲ್ಲಿ ಹೆಪಟೈಟಿಸ್ ಇ ಅನ್ನುವ ಒಂದು ಬಗೆ ಇದೆ, ಬಸುರಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ಇದು ನಮಗೆ ಆಮೇಲೆ ಗೊತ್ತಾಯಿತು.

ಆ ಹೆಣ್ಣುಮಗಳ ಅತ್ತೆಗೆ ನಮ್ಮ ಓಣಿ ಕೈ ಮುಗಿಯುತ್ತದೆ. ಆರೋಗ್ಯದ ಕೋಣೆಗೆ ಜಾಗ ಇಲ್ಲ ಅಂದಾಗ ತಮ್ಮ ಮನೆಯ ಮುಂದಿನ ಕಟ್ಟೆಯನ್ನು ಬಿಟ್ಟುಕೊಟ್ಟವರು ಅವರು. "ನನ್ನ ಸೊಸೀಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರ್ದವಾ" ಅಂತ ಅಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಈಗ ಸಮಿತಿಯ ಸಭೆ ಅವರು ಬಂದ ಮೇಲೆಯೇ ಶುರುವಾಗುವುದು.

ಪೈಪುಗಳನ್ನು ಗಟಾರದಿಂದ ಎತ್ತಿ ಮೇಲಿನಿಂದ ಹಾಯಿಸಿ, ಸುತ್ತ ಇನ್ನೊಂದು ದಪ್ಪ ಪೈಪು ತೊಡಿಸಿದ ಪ್ಲಂಬರ್ ಅಣ್ಣಂದಿರಿಗೆ, ನಳ ಬಿಡುವ ಹೊತ್ತನ್ನು ಮೊದಲೇ ತಿಳಿಸುವ ವಾಲ್‌ಮನ್ ಕಾಕಾಗೆ ತುಂಬಾ ಥ್ಯಾಂಕ್ಸ್. ಮೊದಲ ಎರಡು ಕೊಡ ನೀರನ್ನು ಕುಡಿಯಲು ಹಿಡಿಯುವುದಿಲ್ಲ, ಪಾತ್ರೆ-ಬಟ್ಟೆಗೆ ಬಳಸುತ್ತೇವೆ. ಇದು ಕಾಕಾ ಹೇಳಿಕೊಟ್ಟ ರೂಢಿ. ನಳದ ನೀರನ್ನು ಪುಟ್ಟ ಪರೀಕ್ಷೆ ಬಾಟಲಿಯಲ್ಲಿ ತುಂಬಿ ಇಟ್ಟರೆ ಒಂದೆರಡು ದಿನದಲ್ಲಿ ಕೆಟ್ಟ ನೀರು ಕಪ್ಪಾಗುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯರು ಈ ಕೆಲಸವನ್ನು ಕೈಗೆತ್ತಿಕೊಂಡಿದ್ದಾರೆ. ಕಪ್ಪಾದ ಬಾಟಲಿಯನ್ನು ಅವರು ಸೀದಾ ಕ್ಲಿನಿಕ್‌ಗೆ ಒಯ್ದು ಟೇಬಲ್ ಮೇಲೆ ಇಡುತ್ತಾರೆ. ಅವರನ್ನು ನೋಡಿದರೆ ನನಗೆ ಹೆಮ್ಮೆ ಅನಿಸುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ ಇಪ್ಪತ್ನಾಲ್ಕು ಗಂಟೆ ನೀರು ಬಂದಿತ್ತು. ಆ ಮನೆಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ಮನೆಗಳನ್ನೂ ಹೋಲಿಸಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಗಿದೆ. ಕ್ಲಿನಿಕ್‌ನ ಡಾಕ್ಟರ್ ಅದನ್ನು ಸಮಿತಿಗೆ ವಿವರಿಸಿದರು. ಸದಾ ನೀರು ಬರುವ ಕಡೆ ಟೈಫಾಯಿಡ್ ಕಡಿಮೆ, ಬಡವರ ಮನೆಯ ಮಕ್ಕಳಲ್ಲಿ ರಕ್ತಭೇದಿ ಕಡಿಮೆ. ಆದರೆ ಒಟ್ಟಾರೆ ಭೇದಿ ಅಷ್ಟೇನೂ ಇಳಿದಿರಲಿಲ್ಲ. ಇದನ್ನು ಕೇಳಿದ ಮೇಲೆಯೇ ನಮ್ಮ ಸಮಿತಿ ಗಟ್ಟಿ ಮನಸ್ಸು ಮಾಡಿತು. ನೀರು ಒಂದೇ ಸಾಲದು, ಶೌಚಾಲಯ ಒಂದೇ ಸಾಲದು, ಗುಳಿಗೆಯೂ ಸಾಲದು. ಮೂರನ್ನೂ ಒಂದೇ ಜನ, ಒಂದೇ ಜಾಗದಲ್ಲಿ ಕೂತು ನೋಡಬೇಕು ಅಂತ ನಿರ್ಧಾರವಾಯಿತು. ಆ ಡಾಕ್ಟರಿಗೆ, ಸಿಸ್ಟರ್‌ಗೆ, ಲ್ಯಾಬಿನ ತಮ್ಮನಿಗೆ ನಾವು ಋಣಿ. 2022ರ ಡಿಸೆಂಬರ್‌ನಲ್ಲಿ ರಾಜ್ಯದ 'ನಮ್ಮ ಕ್ಲಿನಿಕ್'ಗಳ ಉದ್ಘಾಟನೆ ನಮ್ಮ ಹುಬ್ಬಳ್ಳಿಯಲ್ಲೇ ಆಗಿತ್ತು. ಹತ್ತಿರದಲ್ಲೊಂದು ಕ್ಲಿನಿಕ್ ಇದ್ದರೆ ದಿನದ ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ, ನಮ್ಮಂಥವರಿಗೆ ಅದೇ ದೊಡ್ಡ ಔಷಧ.

ಸಿಸ್ಟರ್ ಬಗ್ಗೆ ಇನ್ನೂ ಒಂದು ಮಾತಿದೆ. ಉರಿಮೂತ್ರ ಅಂತ ಹೆಂಗಸರು ಮೇಲಿಂದ ಮೇಲೆ ಹೋಗುತ್ತಿದ್ದರು. ಅವರು ಗುಳಿಗೆ ಕೊಟ್ಟು ಕಳಿಸಬಹುದಿತ್ತು. ಹಾಗೆ ಮಾಡದೆ, ದಿನಕ್ಕೆ ಎಷ್ಟು ನೀರು ಕುಡೀತೀರಿ ಅಂತ ಕೇಳಿದರು. ಸಂಜೆ ಮೇಲೆ ಕುಡಿಯುವುದೇ ಇಲ್ಲ ಅನ್ನುವ ಉತ್ತರ ಎಲ್ಲರಿಂದಲೂ ಬಂತು. ಯಾಕೆಂದರೆ ಶೌಚಾಲಯಕ್ಕೆ ರಾತ್ರಿ ಹತ್ತಕ್ಕೆ ಬೀಗ, ದಾರಿಯಲ್ಲಿ ದೀಪ ಇಲ್ಲ. ಸಿಸ್ಟರ್ ಸಮಿತಿಗೆ ಬಂದು, ಬೀಗ ತೆಗೆಯಿರಿ, ದೀಪ ಹಾಕಿಸಿ ಅಂದರು. ದೀಪ ಬಂತು, ಹೆಂಗಸರ ಕಡೆಯ ಬಾಗಿಲು ಈಗ ರಾತ್ರಿಯೆಲ್ಲ ತೆರೆದಿರುತ್ತದೆ. ಬಸುರಿಯರು, ಮಂಡಿನೋವಿನ ಅಜ್ಜಿಯರಿಗೆ ಕಮೋಡ್, ಹಿಡಿದುಕೊಳ್ಳಲು ಸರಳು. ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ.

ಸಮುದಾಯ ಶೌಚಾಲಯದಲ್ಲಿ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು ಸೀಟು ಅನ್ನುವುದು ಸ್ವಚ್ಛ ಭಾರತದ ನಿಯಮ. ನಕ್ಷೆಯಲ್ಲಿ ಎರಡೂ ಕಡೆ ಸಮ ಇದ್ದಾಗ ಸಮಿತಿಯ ಹೆಂಗಸರು ಆ ನಿಯಮದ ಕಾಗದ ಹಿಡಿದು ಕೂತರು. ನಕ್ಷೆ ಬದಲಿಸಿದ ಎಂಜಿನಿಯರ್ ಸಾಹೇಬರಿಗೂ ವಂದನೆ. ಸಮಿತಿಗೆ ವರ್ಷಕ್ಕೆ ಸಿಗುವುದು ಸರ್ಕಾರದ 5000 ರೂಪಾಯಿ. ಕಡಿಮೆಯೇ. ಆದರೂ ಸಾಬೂನಿಗೆ, ಬಲ್ಬಿಗೆ, ನೀರಿನ ಬಾಟಲಿಗೆ ಯಾರ ಬಾಗಿಲಿಗೂ ಹೋಗದೆ ನಾವೇ ಕೂತು ನಿರ್ಧರಿಸುವ ದುಡ್ಡು ಅದು.

ಪೌರಕಾರ್ಮಿಕ ಅಣ್ಣ-ಅಕ್ಕಂದಿರನ್ನು, ಸಕ್ಕಿಂಗ್ ಗಾಡಿಯ ಡ್ರೈವರ್‌ನನ್ನು ಮರೆಯಲು ಹೇಗೆ ಸಾಧ್ಯ? ರಕ್ಷಣೆಯ ಸಾಧನವಿಲ್ಲದೆ ಶೌಚದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ನಮ್ಮ ಗುಂಡಿಗೆ ಯಾರೂ ಇಳಿಯಬಾರದು ಅಂತ ಓಣಿಯೇ ತೀರ್ಮಾನ ಮಾಡಿತು. ತುಂಬಿದರೆ ಗುಂಡಿ ಖಾಲಿ ಮಾಡಿಸುವ ಸಹಾಯವಾಣಿ 14420ಕ್ಕೆ ಫೋನ್ ಮಾಡುತ್ತೇವೆ. ಶೌಚಾಲಯದ ಅಕ್ಕನಿಗೂ ಓಣಿಗೆ ಬರುವ ಪೌರಕಾರ್ಮಿಕರಿಗೂ ಸಿಸ್ಟರ್ ಕರೆದು ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದಾರೆ. ನಮ್ಮ ಕೊಳೆ ತೆಗೆಯುವವರ ಮೈಯನ್ನು ಮೊದಲು ನೋಡಬೇಕಾದದ್ದು ನ್ಯಾಯ, ಅಲ್ವಾ?

ಒಂದು ಕೆಲಸ ಬಾಕಿ ಇದೆ. ಶೌಚಾಲಯದ ಅಕ್ಕನಿಗೆ ಸಿಗುವುದು ತಿಂಗಳ ಪಾಸ್‌ನಿಂದ ಬಂದ ದುಡ್ಡು ಮಾತ್ರ, ಅದೂ ತೊಳೆಯುವ ಕೆಲಸಕ್ಕೆ. ಆರೋಗ್ಯದ ಕೆಲಸಕ್ಕೆ ಏನೂ ಇಲ್ಲ. ಅವರಿಗೆ ಪಗಾರ, ಪಿಎಫ್, ವಾರಕ್ಕೊಂದು ರಜೆ ಸಿಗಬೇಕು. ಸಮಿತಿ ಅರ್ಜಿ ಬರೆದಿದೆ. ಈ ಬರಹ ಓದಿದವರಲ್ಲಿ ವಾರ್ಡ್ ಸಭೆಗೆ ಬರುವವರು ಇದ್ದರೆ ನಮ್ಮ ಜೊತೆ ಕೈ ಎತ್ತಿ.

ಪಕ್ಕದ ಓಣಿಯ ಅಕ್ಕಂದಿರು ನಮ್ಮಲ್ಲೂ ಹೀಗೆ ಮಾಡಬೇಕು ಅಂತ ಕೇಳಿದ್ದಾರೆ. ಖಂಡಿತ ಬನ್ನಿ. ಚುಕ್ಕೆಯ ಹಾಳೆ, ನೀರಿನ ಬಾಟಲಿ, ಖರ್ಚಿನ ಪುಸ್ತಕ, ಜಾಗದ ಕಾಗದ, ಎಲ್ಲ ತೋರಿಸುತ್ತೇವೆ. ಬೆಳಿಗ್ಗೆ ಹತ್ತರ ಮೇಲೆ ಬಂದರೆ ಅಕ್ಕನೂ ಬಿಡುವಾಗಿ ಸಿಗುತ್ತಾರೆ.