‘ಮತ್ತೊಬ್ಬ ನಟ’ನಿಗೆ ಒಂದು ಹೆಸರಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಹಾಲಿವುಡ್ಡಿನ ಹಾಸ್ಯನಟರಾದ ಲಾರೆಲ್ ಮತ್ತು ಹಾರ್ಡಿ ಜೋಡಿಯ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಚೆನ್ನಾಗಿದೆ, ಕಾಗುಣಿತವೂ ಶುದ್ಧವಾಗಿದೆ. ತಕರಾರು ಇರುವುದು ಲೇಖನದ ಮೇಲೆ ಹಾಕಿದ ಫೋಟೊದ ಅಡಿಬರಹದ ಬಗ್ಗೆ. ಹಳೆಯ ಮಾಡೆಲ್ ಟಿ ಕಾರು, ಅದರ ಹಿಂದಿನ ಸೀಟಿನಲ್ಲಿ ಒಂದು ಕಾಲಿಗೆ ದಿಂಬಿನಷ್ಟು ದಪ್ಪ ಬ್ಯಾಂಡೇಜು ಸುತ್ತಿಕೊಂಡು, ಲೋಕದ ಮೇಲೆಲ್ಲ ಮುನಿಸಿಕೊಂಡವನ ಹಾಗೆ ಕೂತಿರುವ ಬೋಳುತಲೆಯ ಮನುಷ್ಯ. ಕೆಳಗೆ ನೀವು ಹಾಕಿದ್ದು: ‘ಲಾರೆಲ್, ಹಾರ್ಡಿ ಹಾಗೂ ಮತ್ತೊಬ್ಬ ನಟ.’

ನಾನು 31 ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ದಪ್ಪಕ್ಷರದ ತಲೆಬರಹ ಯಾರು ಬೇಕಾದರೂ ಓದುತ್ತಾರೆ; ಅಡಿಬರಹ, ಅಡಿಟಿಪ್ಪಣಿ, ಕೊನೆಯ ಪುಟದ ಮುದ್ರಕರ ಹೆಸರು ಇವನ್ನೆಲ್ಲ ಓದುವುದು ನಮ್ಮ ಪಾಲಿಗೆ ಬಂದ ಕೆಲಸ. ನಿವೃತ್ತನಾದರೂ ಆ ಚಾಳಿ ಹೋಗಿಲ್ಲ. ಹಾಗಾಗಿ ‘ಮತ್ತೊಬ್ಬ’ ಎಂಬ ಮಾತು ಕಣ್ಣಿಗೆ ಕಸ ಬಿದ್ದ ಹಾಗೆ ಚುಚ್ಚಿತು.

ಅವನ ಹೆಸರು ಎಡ್ಗರ್ ಕೆನಡಿ. ಆ ಚಿತ್ರ 1929ರ ‘ಪರ್ಫೆಕ್ಟ್ ಡೇ’. ಲಾರೆಲ್, ಹಾರ್ಡಿ, ಇಬ್ಬರ ಹೆಂಡಂದಿರು ಮತ್ತು ಗೌಟ್ ಎಂಬ ಕೀಲುನೋವು ಹಿಡಿದ ಈ ಮಾವ ಎಲ್ಲರೂ ಸೇರಿ ಪಿಕ್‌ನಿಕ್ಕಿಗೆ ಹೊರಡುತ್ತಾರೆ. ಹೊರಡುತ್ತಲೇ ಇರುತ್ತಾರೆ. ನೆರೆಹೊರೆಯವರಿಗೆ ‘ಹೋಗಿಬರ್ತೀವಿ’ ಎಂದು ಹತ್ತಾರು ಸಲ ಕೈಬೀಸಿದರೂ ಕಾರು ಬೀದಿ ದಾಟುವುದಿಲ್ಲ. ಆ ಬ್ಯಾಂಡೇಜಿನ ಕಾಲಿನ ಗತಿಯಂತೂ ಕೇಳಬೇಡಿ. ನಾಯಿ ಅದಕ್ಕೇ ಬಾಯಿ ಹಾಕುತ್ತದೆ, ಕಾರಿನ ಬಾಗಿಲು ಅದರ ಮೇಲೇ ಬಡಿಯುತ್ತದೆ, ಬಂದವರು ಹೋದವರು ಅದನ್ನೇ ತುಳಿಯುತ್ತಾರೆ. ಕೆನಡಿ ಇಡೀ ಚಿತ್ರದಲ್ಲಿ ಹೆಚ್ಚುಕಡಿಮೆ ಕೂತಲ್ಲೇ ಕೂತಿರುತ್ತಾನೆ. ಆದರೆ ಮುಂದೆ ಕೂತ ಇಬ್ಬರು ಮಾಡುವ ಪ್ರತಿಯೊಂದು ಎಡವಟ್ಟೂ ಕೊನೆಗೆ ಬಂದು ಇಳಿಯುವುದು ಅವನ ಕಾಲಿನ ಮೇಲೆ, ಅಲ್ಲಿಂದ ಅವನ ಮುಖದ ಮೇಲೆ. ನಾವು ನಗುವುದು ಅಲ್ಲಿ.

ನಿಜ ಹೇಳಬೇಕೆಂದರೆ ನನಗೂ ಅವನ ಹೆಸರು ತಡವಾಗಿಯೇ ಗೊತ್ತಾದದ್ದು. ಒಂದು ಚಿತ್ರದಲ್ಲಿ ಪೊಲೀಸು, ಇನ್ನೊಂದರಲ್ಲಿ ಮನೆ ಮಾಲೀಕ, ಮತ್ತೊಂದರಲ್ಲಿ ಮಾವ. ಇವರು ಮೂವರು ಬೇರೆಬೇರೆ ಎಂದೇ ಬಹಳ ಕಾಲ ನಂಬಿದ್ದೆ. ಗುರುತು ಹಚ್ಚಿಕೊಟ್ಟದ್ದು ಅವನ ಕೈ. ಸಿಟ್ಟು ತಡೆಯಲಾಗದೆ ಹೋದಾಗ ಅಂಗೈಯನ್ನು ಬೋಳುತಲೆಯ ಮೇಲಿಟ್ಟು, ನೆತ್ತಿಯಿಂದ ಹಣೆ, ಹಣೆಯಿಂದ ಮೂಗು, ಮೂಗಿನಿಂದ ಗದ್ದದವರೆಗೆ ನಿಧಾನಕ್ಕೆ ಎಳೆದುಕೊಳ್ಳುತ್ತಾನೆ. ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದ ಹಾಗೆ. ಒರೆಸಿದ ಮೇಲೆ ಮುಖದಲ್ಲಿ ತಾಳ್ಮೆ ಕಾಣಬೇಕು ತಾನೆ? ಇವನ ವಿಷಯದಲ್ಲಿ ಕೈ ಕೆಳಗಿಳಿದಷ್ಟೂ ಸಿಟ್ಟು ಸ್ಪಷ್ಟವಾಗುತ್ತದೆ. ಹಾಲಿವುಡ್ಡಿನವರು ಇದನ್ನು ‘ಸ್ಲೋ ಬರ್ನ್’ ಎಂದು ಕರೆದರು. ಒಲೆಯ ಮೇಲಿಟ್ಟ ಹಾಲು ಕೆನೆಯ ಕೆಳಗೇ ಮಿಸುಕಾಡುತ್ತದಲ್ಲ, ಉಕ್ಕುವ ಮುಂಚೆ, ಅದು. ಉಕ್ಕುವುದನ್ನು ಯಾರು ಬೇಕಾದರೂ ಮಾಡಿ ತೋರಿಸಬಹುದು. ಮಿಸುಕಾಟವನ್ನೇ ಅರ್ಧ ನಿಮಿಷ ಹಿಗ್ಗಿಸಿ, ನೋಡುವವರ ಕಣ್ಣು ಆಚೀಚೆ ಹೋಗದಂತೆ ಹಿಡಿದಿಡುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಹೋಲಿಕೆಗೆ ಇದೇ ಜೋಡಿಯ ಇನ್ನೊಬ್ಬ ಖಾಯಂ ಶತ್ರು ಜೇಮ್ಸ್ ಫಿನ್‌ಲೇಸನ್‌ನನ್ನು ನೋಡಿ. ಸ್ಕಾಟ್ಲೆಂಡಿನವನು, ಅಂಟಿಸಿದ ಮೀಸೆಯವನು, 33 ಲಾರೆಲ್–ಹಾರ್ಡಿ ಚಿತ್ರಗಳಲ್ಲಿ ಇದ್ದಾನೆ. ಅವನದು ಪಟಾಕಿ ಸ್ವಭಾವ: ಒಂದು ಕಣ್ಣು ಕಿರಿದಾಗಿಸಿ ಕತ್ತು ಎಗರಿಸಿದನೆಂದರೆ ಮುಗಿಯಿತು, ಮರುಕ್ಷಣ ಸಿಡಿದಿರುತ್ತಾನೆ. ಅವನು ಎಳೆಯುತ್ತಿದ್ದ ‘ಡೋ…’ ಎಂಬ ಉದ್ಗಾರವೇ ಮುಂದೆ ಟೀವಿಯ ಕಾರ್ಟೂನು ಪಾತ್ರ ಹೋಮರ್ ಸಿಂಪ್ಸನ್‌ನ ಬಾಯಿಗೆ ಬಂದದ್ದು. ಅವನನ್ನು ನಿಮ್ಮ ಲೇಖಕರು ನೆನೆದಿದ್ದಾರೆ, ಸಂತೋಷ. ಆದರೆ ಫಿನ್‌ಲೇಸನ್‌ಗೆ ಒಂದು ಪ್ಯಾರಾ ಕೊಟ್ಟು ಕೆನಡಿಗೆ ‘ಮತ್ತೊಬ್ಬ’ ಎಂದರೆ ಹೇಗೆ?

ಇನ್ನೊಂದು ವಿಷಯ ಲೇಖನದಲ್ಲೇ ಬಿಟ್ಟುಹೋಗಿದೆ. 1928ರ ‘ಯು ಆರ್ ಡಾರ್ನ್ ಟೂಟಿನ್’ ಚಿತ್ರದ ಕೊನೆಯ ಬೀದಿಜಗಳವನ್ನು ಲೇಖಕರು ಬಾಯ್ತುಂಬ ಹೊಗಳಿದ್ದಾರೆ. ಕೆಲಸ ಕಳಕೊಂಡ ಇಬ್ಬರು ವಾದ್ಯಗಾರರು ಪರಸ್ಪರ ಮೊಣಕಾಲಿನ ಕೆಳಗೆ ಒದ್ದುಕೊಳ್ಳಲು ಶುರುಮಾಡಿ, ದಾರಿಹೋಕರು ಒಬ್ಬೊಬ್ಬರಾಗಿ ಸೇರಿಕೊಂಡು, ಕಡೆಗೆ ಇಡೀ ಬೀದಿಯ ಗಂಡಸರು ಪ್ಯಾಂಟು ಕಿತ್ತುಕೊಳ್ಳುತ್ತ ನಿಲ್ಲುವ ದೃಶ್ಯ. ಒಬ್ಬ ದಢೂತಿಯ ಪ್ಯಾಂಟಿನೊಳಗೆ ಲಾರೆಲ್, ಹಾರ್ಡಿ ಇಬ್ಬರೂ ತೂರಿಕೊಂಡು ನಡೆದುಹೋಗುವಲ್ಲಿಗೆ ಚಿತ್ರ ಮುಗಿಯುತ್ತದೆ. ಅದರ ನಿರ್ದೇಶಕ ಯಾರು? ಟೈಟಲ್ಲಿನಲ್ಲಿ ‘ಇ. ಲಿವಿಂಗ್‌ಸ್ಟನ್ ಕೆನಡಿ’ ಎಂದಿದೆ. ಇವನೇ! ಅದೇ ವರ್ಷದ ‘ಫ್ರಮ್ ಸೂಪ್ ಟು ನಟ್ಸ್’ ಕೂಡ ಇವನದೇ ನಿರ್ದೇಶನ. ಶ್ರೀಮಂತರ ಮನೆಯ ಔತಣದಲ್ಲಿ ಅನಿಟಾ ಗಾರ್ವಿನ್ ತಟ್ಟೆಯ ಮೇಲಿನ ಒಂದೇ ಒಂದು ಚೆರಿ ಹಣ್ಣನ್ನು ಚಮಚದಿಂದ ಹಿಡಿಯಲು ಪಡುವ ಪಾಡು ಅದರಲ್ಲೇ ಬರುವುದು. ತಲೆಯ ಕಿರೀಟ ಕಣ್ಣಿನ ಮೇಲೆ ಜಾರುತ್ತದೆ, ಚೆರಿ ಮಾತ್ರ ಸಿಗುವುದಿಲ್ಲ. ಹಾಗಿರುವಾಗ ‘ಮತ್ತೊಬ್ಬ ನಟ’ ಎಂಬುದರಲ್ಲಿ ‘ನಟ’ ಕೂಡ ಅರ್ಧ ಸತ್ಯವೇ.

ಕೆನಡಿ ಹುಟ್ಟಿದ್ದು 1890ರ ಏಪ್ರಿಲ್ 26ರಂದು, ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಯಲ್ಲಿ. ಮೊದಲು ಬಾಕ್ಸಿಂಗ್ ಮಾಡುತ್ತಿದ್ದ. ಹೆಸರಾಂತ ಬಾಕ್ಸರ್ ಜ್ಯಾಕ್ ಡೆಂಪ್ಸಿಯ ಎದುರು 14 ಸುತ್ತು ನಿಂತಿದ್ದೆ ಎಂದು ಹೇಳಿಕೊಳ್ಳುತ್ತಿದ್ದನಂತೆ. ಬಾಕ್ಸಿಂಗ್ ಮಾಡಿದವರು ಹೇಳುವ ಸುತ್ತಿನ ಲೆಕ್ಕ, ಮೀನು ಹಿಡಿದವರು ಹೇಳುವ ಮೀನಿನ ಉದ್ದ, ಎರಡನ್ನೂ ನಾನು ಕರಡಿನ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಮುಂದಕ್ಕೆ ಬಿಡುತ್ತಿದ್ದೆ. ಅಲ್ಲಿಂದ ಮ್ಯಾಕ್ ಸೆನೆಟ್‌ನ ಕೀಸ್ಟೋನ್ ಎಂಬ ಹಾಸ್ಯಚಿತ್ರಗಳ ಕಂಪನಿಗೆ ಬಂದ. 1914ರಲ್ಲಿ ಚಾಪ್ಲಿನ್ ಇನ್ನೂ ಹೊಸಬನಾಗಿದ್ದಾಗ ಅವನ ಸುತ್ತಮುತ್ತ ಓಡಾಡುವ ಗಂಡಂದಿರು, ಪೊಲೀಸರ ಸಾಲಿನಲ್ಲಿ ಕೆನಡಿಯೂ ಇದ್ದಾನೆ. ‘ದ ನಾಕ್‌ಔಟ್’ನಲ್ಲಿ ದಢೂತಿ ಹಾಸ್ಯನಟ ಆರ್ಬಕಲ್ ಎದುರು ಗುದ್ದಾಡುವ ಬಾಕ್ಸರ್ ಕೆನಡಿ, ನಡುವೆ ಸಿಕ್ಕಿ ಪೆಟ್ಟು ತಿನ್ನುವ ರೆಫ್ರಿ ಚಾಪ್ಲಿನ್. ಚಾಪ್ಲಿನ್ ಎಲ್ಲಿಗೆ ಹೋದ ಎಂಬುದು ಎಲ್ಲರಿಗೂ ಗೊತ್ತು. ಗುದ್ದಿದವನು ಎಲ್ಲಿಗೆ ಹೋದ ಎಂದು ಯಾರೂ ಕೇಳುವುದಿಲ್ಲ.

ಅವನು ಹೋದದ್ದು ಲಾರೆಲ್–ಹಾರ್ಡಿ ಚಿತ್ರಗಳನ್ನು ತಯಾರಿಸುತ್ತಿದ್ದ ಹಾಲ್ ರೋಚ್‌ನ ಸ್ಟುಡಿಯೊಗೆ. ‘ಸ್ಲೋ ಬರ್ನ್’ ಹದಕ್ಕೆ ಬಂದದ್ದು ಅಲ್ಲಿ. ಕಾರಣವನ್ನು ನಾನು ಹೀಗೆ ಊಹಿಸಿಕೊಂಡಿದ್ದೇನೆ. ಕೀಸ್ಟೋನ್ ಚಿತ್ರಗಳಲ್ಲಿ ಪೆಟ್ಟು ಬಿದ್ದವನು ಆಗಲೇ ತಿರುಗಿ ಹೊಡೆಯಬೇಕು, ಎಲ್ಲ ಓಟವೇ. ಲಾರೆಲ್–ಹಾರ್ಡಿಯದು ಅದಕ್ಕೆ ವಿರುದ್ಧವಾದ ನಡೆ. ಒಬ್ಬ ಇನ್ನೊಬ್ಬನ ಹ್ಯಾಟು ಚಪ್ಪಟೆ ಮಾಡುತ್ತಾನೆ. ಅವನು ಕದಲದೆ ನಿಂತು ಅದನ್ನು ಪೂರ್ತಿ ನೋಡುತ್ತಾನೆ, ಯೋಚಿಸುತ್ತಾನೆ, ಆಮೇಲೆ ಹೋಗಿ ಇವನ ಕಾರಿನ ದೀಪ ಕಿತ್ತು ಹಾಕುತ್ತಾನೆ. ನಡುವಿನ ಆ ಸುಮ್ಮನಿರುವ ಹೊತ್ತನ್ನು ಯಾರಾದರೂ ತುಂಬಬೇಕಲ್ಲ? ಅದನ್ನು ಮುಖದಿಂದಲೇ ತುಂಬಬಲ್ಲವನು ಬೇಕಿತ್ತು. 1928ರ ‘ಟೂ ಟಾರ್ಸ್’ನ ಟ್ರಾಫಿಕ್ ಜಾಮಿನಲ್ಲಿ ಅವನಿದ್ದಾನೆ. ಜೋಡಿಯ ಕೊನೆಯ ಮೂಕಿಚಿತ್ರ ‘ಅಂಗೋರಾ ಲವ್’ನಲ್ಲಿ, ಕದ್ದು ಆಡು ಸಾಕಿದವರ ಮೇಲೆ ಕಣ್ಣಿಟ್ಟ ಮನೆ ಮಾಲೀಕನಾಗಿದ್ದಾನೆ. ಅವರ ಮೊದಲ ಟಾಕಿ ‘ಅನ್‌ಅಕಸ್ಟಮ್ಡ್ ಆ್ಯಸ್ ವಿ ಆರ್’ನಲ್ಲಿ ಪಕ್ಕದ ಮನೆಯ ಪೊಲೀಸ್. ಮೂಕಿ ಹೋಗಿ ಟಾಕಿ ಬಂದಾಗ ಎಷ್ಟೋ ಘಟಾನುಘಟಿಗಳು ತರಗೆಲೆಯ ಹಾಗೆ ಉದುರಿದರು. ಇವನ ಮುಖ್ಯ ಮಾತೆಲ್ಲ ಅಂಗೈಯಲ್ಲೇ ಇದ್ದದ್ದರಿಂದಲೋ ಏನೋ, ಇವನಿಗೆ ಅಲುಗಾಟವೇ ಆಗಲಿಲ್ಲ.

1933ರ ‘ಡಕ್ ಸೂಪ್’ ನಿಮ್ಮ ಓದುಗರಲ್ಲಿ ಹಲವರು ನೋಡಿರುತ್ತಾರೆ. ಹಾರ್ಪೊ, ಚಿಕೊ ಮೊದಲಾದ ಮಾರ್ಕ್ಸ್ ಸಹೋದರರ ಹಾಸ್ಯಚಿತ್ರ. ನಿರ್ದೇಶಕ ಲಿಯೊ ಮೆಕ್‌ಕೇರಿ ಹಾಲ್ ರೋಚ್ ಗರಡಿಯಲ್ಲಿ ಪಳಗಿದವನು, ಕೆನಡಿಯ ಬೆಲೆ ಬಲ್ಲವನು. ಬೀದಿಯಲ್ಲಿ ಚಿಕೊನ ಕಡಲೆಕಾಯಿ ಗಾಡಿಯ ಪಕ್ಕ ನಿಂಬೆ ಶರಬತ್ತು ಮಾರುವವನು ಕೆನಡಿ. ಹಾರ್ಪೊ ಮತ್ತು ಚಿಕೊ ಅವನ ಹ್ಯಾಟನ್ನು ಕೈಯಿಂದ ಕೈಗೆ, ತಲೆಯಿಂದ ತಲೆಗೆ ದಾಟಿಸಿ ದಾಟಿಸಿ, ಮೂರು ಹ್ಯಾಟುಗಳಲ್ಲಿ ತನ್ನದು ಯಾವುದೆಂದು ಅವನಿಗೇ ತಿಳಿಯದಂತೆ ಮಾಡುತ್ತಾರೆ. ಕೊನೆಗೆ ಹಾರ್ಪೊ ಅದನ್ನು ಕಡಲೆಕಾಯಿ ಗಾಡಿಯ ಬೆಂಕಿಗೆ ಒಡ್ಡುತ್ತಾನೆ. ಮತ್ತೊಂದು ದಿನ ಕೆನಡಿ ಸೇಡಿಗೆ ಗಾಡಿಯನ್ನೇ ಉರುಳಿಸಿ, ಲೆಕ್ಕ ಚುಕ್ತಾ ಆಯಿತೆಂದು ತನ್ನ ಗಿರಾಕಿಗಳ ಕಡೆ ತಿರುಗುತ್ತಾನೆ. ಸಾಲಿನಲ್ಲಿದ್ದವರು ಚದುರಿ ಓಡುತ್ತಿದ್ದಾರೆ. ಯಾಕೆಂದು ನೋಡಿದರೆ, ಹಾರ್ಪೊ ಪ್ಯಾಂಟು ಮಡಚಿ ಶರಬತ್ತಿನ ತೊಟ್ಟಿಗಿಳಿದು ಆರಾಮಾಗಿ ಕಾಲಾಡಿಸುತ್ತಿದ್ದಾನೆ. ಹಾರ್ಪೊನ ಕಾಲು ನೋಡಿ ಒಂದು ಸಲ ನಗು ಬರುತ್ತದೆ. ಅದನ್ನು ಕಂಡ ಕೆನಡಿಯ ಮುಖ ನೋಡಿದರೆ ಇನ್ನೊಂದು ಸಲ. ಮೊದಲನೆಯದು ಚಿಲ್ಲರೆ, ಎರಡನೆಯದು ನೋಟು.

ಅವನ ಹೆಸರನ್ನೇ ದೊಡ್ಡದಾಗಿ ಹಾಕಿದ ಸರಣಿಯೂ ಇತ್ತು. ಆರ್‌ಕೆಒ ಕಂಪನಿ 1931ರಿಂದ 1948ರವರೆಗೆ ‘ಆ್ಯವರೇಜ್ ಮ್ಯಾನ್’ ಸರಣಿಯಲ್ಲಿ ಅವನ 103 ಕಿರುಚಿತ್ರಗಳನ್ನು ಹೊರತಂದಿತು. ಲೆಕ್ಕ ಹಾಕಿದರೆ ವರ್ಷಕ್ಕೆ ಆರರಂತೆ. ಮಾತು ನಿಲ್ಲಿಸದ ಹೆಂಡತಿ ಫ್ಲಾರೆನ್ಸ್ ಲೇಕ್, ಅತ್ತೆ ಡಾಟ್ ಫಾರ್ಲಿ, ಕೆಲಸಕ್ಕೆ ಹೋಗದೆ ಮನೆಯಲ್ಲೇ ಬಿದ್ದಿರುವ ಭಾವಮೈದುನ, ನಡುವೆ ಒಂದು ಗೋಡೆಗೆ ಬಣ್ಣ ಬಳಿಯಲೂ ಬಿಡದ ಈ ಸಂಸಾರದಲ್ಲಿ ಸಿಕ್ಕಿಕೊಂಡ ಎಡ್ಗರ್. ಪಕ್ಷಪಾತ ಬೇಡ: ನಾನು ನೋಡಿದ ಇಪ್ಪತ್ತು–ಮೂವತ್ತರಲ್ಲಿ ಅರ್ಧದಷ್ಟು ಬರೀ ಪುನರುಕ್ತಿ, ಆ ಭಾವಮೈದುನನಂತೂ ಮೂರನೆಯ ಚಿತ್ರಕ್ಕೇ ಸಾಕುಸಾಕಾಗುತ್ತಾನೆ. ಆದರೂ ಟೀವಿಯ ಸಂಸಾರ ಹಾಸ್ಯಗಳಲ್ಲಿ ಸೋಫಾದ ಮೇಲೆ ಕೂತು ಕುದಿಯುವ ಗಂಡಂದಿರಿದ್ದಾರಲ್ಲ, ಅವರೆಲ್ಲರ ಮೂಲಪುರುಷ ಇಲ್ಲಿದ್ದಾನೆ.

ಇದೆಲ್ಲದರ ನಡುವೆ ದೊಡ್ಡ ಚಿತ್ರಗಳಲ್ಲಿ ಸಣ್ಣ ಪಾತ್ರಗಳು. 1937ರ ‘ಎ ಸ್ಟಾರ್ ಈಸ್ ಬಾರ್ನ್’ನಲ್ಲಿ ಬಾಡಿಗೆ ಕೋಣೆಗಳ ಮಾಲೀಕ. ನಿರ್ದೇಶಕ ಪ್ರೆಸ್ಟನ್ ಸ್ಟರ್ಜಸ್ ಕೊಟ್ಟ ಎರಡು ಪಾತ್ರ ಮಾತ್ರ ಬೇರೆ ತೂಕದವು. ‘ದ ಸಿನ್ ಆಫ್ ಹೆರಾಲ್ಡ್ ಡಿಡಲ್‌ಬಾಕ್’ನಲ್ಲಿ ಕೆನಡಿ ಬಾರಿನಲ್ಲಿ ಮದ್ಯ ಬೆರೆಸುವವನು. ಎದುರಿಗೆ ಕಥಾನಾಯಕನಾಗಿ ಹೆರಾಲ್ಡ್ ಲಾಯ್ಡ್, ಜನ್ಮದಲ್ಲಿ ಒಂದು ತೊಟ್ಟೂ ಮುಟ್ಟದವನು. ಅವನಿಗೆ ಮೊಟ್ಟಮೊದಲ ಗುಟುಕು ತಯಾರಿಸಿಕೊಡುವ ಅವಕಾಶ ಬಂದಾಗ ಕೆನಡಿಯ ಮುಖದಲ್ಲಿ ಸಿಟ್ಟಿನ ಸುಳಿವೂ ಇಲ್ಲ. ತನ್ನೊಳಗಿನ ಕಲಾವಿದನೇ ಎದ್ದುಬಂದ ಎಂಬ ಭಕ್ತಿ. ‘ಅನ್‌ಫೇತ್‌ಫುಲಿ ಯುವರ್ಸ್’ನಲ್ಲಿ ಪತ್ತೇದಾರ. ಹೆಂಡತಿಯ ಮೇಲೆ ಅನುಮಾನಪಟ್ಟ ವಾದ್ಯವೃಂದದ ನಿರ್ವಾಹಕ ಉರಿಯುತ್ತ ಅವನ ಕಚೇರಿಗೆ ನುಗ್ಗಿದರೆ, ಈ ಒರಟು ಮನುಷ್ಯ ಸಂಗೀತದ ಪರಮ ಅಭಿಮಾನಿ! ಸಂಗೀತ ರಚನಕಾರ ಹ್ಯಾಂಡೆಲ್‌ನ ಕೃತಿಗಳನ್ನು ನಿಮ್ಮಷ್ಟು ಚೆನ್ನಾಗಿ ನಿಭಾಯಿಸುವವರಿಲ್ಲ ಎಂದು ಕರಗಿಹೋಗುತ್ತಾನೆ. 36 ವರ್ಷ ಸಿಟ್ಟನ್ನೇ ಮಾರಿ ಬದುಕಿದವನಿಗೆ ಒಬ್ಬ ನಿರ್ದೇಶಕ ಕಡೆಗಾಲದಲ್ಲಿ ಇಂಥ ಮೃದು ಪಾತ್ರ ಬರೆದನಲ್ಲ ಎಂದು ನನಗೆ ಸಮಾಧಾನ. ಆ ಚಿತ್ರ 1948ರದು. ಅದೇ ವರ್ಷ ನವೆಂಬರ್ 9ರಂದು ಗಂಟಲಿನ ಕ್ಯಾನ್ಸರಿನಿಂದ ಕೆನಡಿ ತೀರಿಕೊಂಡ. 58 ವರ್ಷ. ಡಾರಿಸ್ ಡೇ ಜೊತೆಗಿನ ‘ಮೈ ಡ್ರೀಮ್ ಈಸ್ ಯುವರ್ಸ್’ ಮರುವರ್ಷ ಬಂದಾಗ ನೋಡಲು ಅವನಿರಲಿಲ್ಲ.

ನಮ್ಮ ಮನೆಯಲ್ಲಿ ಅವನ ಹೆಸರು ಈಗ ಕ್ರಿಯಾಪದವಾಗಿದೆ. ನನಗೂ ಬೋಳುತಲೆ, ಮುದ್ರಣದೋಷ ಕಂಡರೆ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ. ಭಾನುವಾರ ಬೆಳಿಗ್ಗೆ ನಿಮ್ಮ ಅಡಿಬರಹ ಓದಿದಾಗಲೂ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮೊಮ್ಮಗಳನ್ನು ಕರೆದು, ‘ಬಾರೇ ಬೇಗ, ತಾತ ಕೆನಡಿಸ್ತಾ ಇದ್ದಾರೆ’ ಅಂದಳು. ಮೂಗಿನವರೆಗೆ ಇಳಿದಿದ್ದ ಕೈಯನ್ನು ಅಲ್ಲೇ ನಿಲ್ಲಿಸಬೇಕಾಯಿತು.

ಹಾಗೆಂದು ನಿಮ್ಮ ಉಪಸಂಪಾದಕರನ್ನು ಬೈಯಬೇಡಿ. ನಾನೇ ಒಮ್ಮೆ ಒಂದು ಸ್ಮರಣಸಂಚಿಕೆಯ ಗುಂಪುಚಿತ್ರದ ಅಡಿಯಲ್ಲಿ ಒಂದು ಹೆಸರು ಬಿಟ್ಟುಹೋದದ್ದನ್ನು ಗಮನಿಸದೆ ಅಚ್ಚಿಗೆ ಕಳಿಸಿದ್ದೆ. ಆ ಮನುಷ್ಯ ಖುದ್ದು ಬಂದು, ಜಗಳವಾಡದೆ, ಪುಸ್ತಕ ತೆರೆದು ತನ್ನ ಮುಖದ ಮೇಲೆ ಬೆರಳಿಟ್ಟು ತೋರಿಸಿ ಹೋದ. ಬೈದಿದ್ದರೆ ಅಂದೇ ಮರೆಯುತ್ತಿದ್ದೆ.

ತಿದ್ದುಪಡಿ ಹಾಕುವುದಾದರೆ ಒಂದೇ ಸಾಲು ಸಾಕು: ‘ಹಿಂದಿನ ಸೀಟಿನಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿರುವವರು ಎಡ್ಗರ್ ಕೆನಡಿ.’ ಟಾಮ್ ಕೆನಡಿ ಎಂದು ಹಾಕಿಬಿಟ್ಟೀರಿ, ಜೋಕೆ. ಅದೇ ಕಾಲದ, ಅದೇ ಬಗೆಯ ಪಾತ್ರಗಳ ಇನ್ನೊಬ್ಬ ನಟ ಅವನು, ಅಣ್ಣತಮ್ಮಂದಿರೆಂದು ಹಲವರು ತಪ್ಪು ತಿಳಿಯುತ್ತಾರೆ, ಸಂಬಂಧವೇ ಇಲ್ಲ. ಇನ್ನು ‘ಕೆನಡಿ’ಯೋ ‘ಕೆನೆಡಿ’ಯೋ ಎಂಬುದು ನಿಮಗೆ ಬಿಟ್ಟದ್ದು. ಅಮೆರಿಕದ ಅಧ್ಯಕ್ಷರಿಗೆ ಯಾವ ಕಾಗುಣಿತ ಬಳಸುತ್ತೀರೋ ಅದನ್ನೇ ಇವನಿಗೂ ಬಳಸಿ.

ಇತಿ,
ನಿವೃತ್ತ ಕರಡು ತಿದ್ದುಗ